ವಾಂತಿಯಿಲ್ಲದ ರಾಯಭಾರ

ನಮ್ಮ ನೆಂಟರಿಷ್ಟರ ನಡುವೆ ನನ್ನ ಮಾತು ಬಂದರೆ ಅದರ ಹಿಂದೆಯೇ ಪ್ಲಾಸ್ಟಿಕ್ ಕವರಿನ ಮಾತೂ ಬರುತ್ತಿತ್ತು. "ಅವಳೂ ಬರ್ತಾಳಾ? ಹಂಗಾದ್ರೆ ಎರಡು ಕವರ್ ಜಾಸ್ತಿ ಇಟ್ಕಳಿ" ಎಂದು ಮದುವೆ ಮನೆಗೆ ಹೊರಟವರು ಗಾಡಿ ಹತ್ತುವ ಮೊದಲೇ ಹೇಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮದುಮಗಳಾಗಿ ಶೃಂಗೇರಿ ಹತ್ತಿರದ ಮೆಣಸೆಗೆ ಬರುವ ದಿನವೇ ದಿಬ್ಬಣದ ಬಸ್ಸನ್ನು ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲಿಸಿದವಳು ನಾನು. ಶೃಂಗೇರಿಯಿಂದ ಕೊಪ್ಪಕ್ಕೆ ಹೋಗುವ ಬಸ್ಸಿನ ಕಂಡಕ್ಟರುಗಳಿಗೆಲ್ಲ ನನ್ನ ಗುರುತಿತ್ತು. ನಾನು ಹತ್ತಿದರೆ ಕಿಟಕಿ ಪಕ್ಕ ಕೂತವರನ್ನು ಎಬ್ಬಿಸಿ ಜಾಗ ಮಾಡಿಕೊಡುತ್ತಿದ್ದರು. ಮರ್ಯಾದೆಯಿಂದಲ್ಲ, ಬಸ್ಸು ತೊಳೆಯುವ ಕೆಲಸ ತಪ್ಪಲಿ ಎಂದು.

ಉಳಿದವರಿಗೆ ಇದು ನಗುವ ವಿಷಯ. ನನಗೆ ಹಾಗಿರಲಿಲ್ಲ, ಯಾಕೆಂದರೆ ನಾನು ತಾಳಮದ್ದಲೆಯಲ್ಲಿ ಅರ್ಥ ಹೇಳುವವಳು. ತಾಳಮದ್ದಲೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಮದ್ದಲೆ ನುಡಿಯುತ್ತದೆ, ಎದುರುಬದುರು ಕೂತವರು ಆ ಪದವನ್ನು ಹಿಡಿದು ಅಲ್ಲೇ ಹೊಸೆದ ಮಾತಿನಲ್ಲಿ ಜಗಳಕ್ಕೆ ಬೀಳುತ್ತಾರೆ. ಆ ಮಾತೇ ಅರ್ಥ. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ತಿಳಿಯದ ಕಾರಣ ಬಾಯಿಪಾಠ ಮಾಡಿಕೊಂಡು ಹೋಗಿ ಪ್ರಯೋಜನವಿಲ್ಲ. ನಮ್ಮದು ಹೆಂಗಸರದೇ ತಂಡ. ಹಾಡುವವರು ಕೊಪ್ಪದ ಟೀಚರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಅಲ್ಲಿಯ ಗದರಿಕೆಯನ್ನೆಲ್ಲ ನಮ್ಮ ತಂಡಕ್ಕೆ ತಂದವರು. ಮದ್ದಲೆ ಅವರ ತಂಗಿಯದು. ರಾಜನ ಪಾತ್ರ ನನ್ನ ಅತ್ತಿಗೆಯದು, ಎಂದರೆ ನಮ್ಮ ಮನೆಯವರ ಅಕ್ಕ. ಅವರನ್ನು ಕೊಟ್ಟಿದ್ದು ಎನ್.ಆರ್. ಪುರ ತಾಲ್ಲೂಕಿನ ಮುತ್ತಿನಕೊಪ್ಪಕ್ಕೆ. ಆ ರಾಜನ ಸಭೆಗೆ ಸಂಧಾನಕ್ಕೆಂದು ಬರುವ ದೂತ ನಾನು.

ಶೃಂಗೇರಿಯ ಆಸುಪಾಸಿನಲ್ಲಿ ಎಲ್ಲಿ ತಾಳಮದ್ದಲೆಯ ಕೂಟವಾದರೂ ದೂತನ ಪಾತ್ರ ನನ್ನದೇ. ಹೊಗಳಿಕೊಳ್ಳುತ್ತಿದ್ದೇನೆ ಎಂದರೆ ಅನ್ನಿ, ನನ್ನ ಅರ್ಥ ಕೇಳಲೆಂದೇ ಜನ ಬರುತ್ತಿದ್ದರು. ಆದರೆ ಘಾಟಿ ದಾಟಿ ಹೋಗುವ ಕೂಟಗಳಲ್ಲಿ ನನ್ನ ಕಥೆ ಬೇರೆ. ಒಮ್ಮೆ ಕೆರೆಕಟ್ಟೆಯ ಕಾಡು ದಾಟಿ ಕರಾವಳಿಯ ಊರೊಂದಕ್ಕೆ ಹೋಗಿದ್ದೆವು. ತಲುಪುವಷ್ಟರಲ್ಲಿ ನನ್ನನ್ನು ಹಿಂಡಿ ಹಗ್ಗದ ಮೇಲೆ ಹಾಕಬಹುದಿತ್ತು. ಸಭೆಯಲ್ಲಿ ನಾಲ್ಕು ಮಾತು ಆಡಿ, ರಾಜನ ಉತ್ತರಕ್ಕೂ ಕಾಯದೆ ಎದ್ದು ಹಿಂದಿನ ಬಾಗಿಲಿಗೆ ಓಡಿದೆ. ದೂತ ಓಡಿಹೋದ ಸಂಧಾನ ಅದೊಂದೇ ಇರಬೇಕು.

ಅಂದಿನಿಂದ ಹೊರಗಿನ ಕೂಟಗಳಿಗೆಲ್ಲ ನನ್ನ ಬದಲು ಕೊಪ್ಪದ ಲಾಯರಮ್ಮ ಹೋಗತೊಡಗಿದಳು. ನನಗಿಂತ ಬಹಳ ಚಿಕ್ಕವಳು, ನಾಲಿಗೆ ಚುರುಕು. ನಾನು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅವಳ ಅರ್ಥ ಕೇಳುತ್ತಿದ್ದೆ. ಕೆಟ್ಟದಾಗಿ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಚೆನ್ನಾಗಿಯೇ ಹೇಳುತ್ತಿದ್ದಳು, ಹಾಗಾಗಿ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಂದ ಕರೆ ಬಂತು. ಅವರು ನಮ್ಮ ಶೃಂಗೇರಿಯ ಕೂಟವೊಂದನ್ನು ಮೊಬೈಲಿನಲ್ಲಿ ನೋಡಿದ್ದರಂತೆ. ನಾಲ್ಕು ಜನರನ್ನು ಕರೆಸಿಕೊಳ್ಳುತ್ತೇವೆ, ಹಾಡು, ಮದ್ದಲೆ, ರಾಜ, ದೂತ ಎಂದು ತಿಳಿಸಿದ್ದರು. ಬೆಂಗಳೂರಿನಿಂದ ನೇರ ವಿಮಾನ. ಅರ್ಧ ದಿನ ಒಂದೇ ಸೀಟಿನಲ್ಲಿ ಕೂರಬೇಕು. ಸಭಾಂಗಣ ಸಿಕ್ಕಿದ್ದು ನಾವು ಇಳಿಯುವ ದಿನದ ಸಂಜೆಗೆ ಮಾತ್ರ. ಅಂದರೆ ಮಧ್ಯಾಹ್ನ ಇಳಿದು ಸಂಜೆ ಅರ್ಥ ಹೇಳಬೇಕು.

ಟೀಚರು ನನ್ನನ್ನು ಕೊಪ್ಪಕ್ಕೆ ಕರೆಸಿಕೊಳ್ಳಲಿಲ್ಲ, ತಾವೇ ಮೆಣಸೆಗೆ ಬಂದರು. ಅವರು ತಾವಾಗಿ ಬಂದಾಗಲೇ ವಿಷಯ ಸರಿಯಿಲ್ಲವೆಂದು ಗೊತ್ತಾಯಿತು.

"ನೋಡು ಮಾರಾಯ್ತಿ, ನಂಗೆ ನಿನ್ನೇ ಕರ್ಕಂಡು ಹೋಗೋ ಆಸೆ" ಎಂದರು ಕಾಫಿ ಲೋಟ ಕೆಳಗಿಡುತ್ತಾ. "ಆದ್ರೆ ಇಳಿದ ಸಂಜೆನೇ ಕೂಟ. ನೀನು ಅಲ್ಲಿ ಹಾಸಿಗೆ ಹಿಡಿದ್ರೆ ರಾಜ ಯಾರ ಹತ್ರ ಮಾತಾಡದು? ಗೋಡೆ ಹತ್ರವಾ?"

"ನಾನು ಬರ್ತೀನಿ ಟೀಚರೇ."

"ಬರದು ಬೇರೆ. ಬಂದು ಬಾಯಿ ಬಿಡದು ಬೇರೆ."

ಕೊನೆಗೆ ಅವರೇ ಒಂದು ಪರೀಕ್ಷೆ ಇಟ್ಟರು. ಟಿಕೆಟ್ಟಿಗೆ ಹೆಸರು ಕೊಡುವ ಮೊದಲು ನಾನು ಶೃಂಗೇರಿಯಲ್ಲಿ ಬಸ್ಸು ಹತ್ತಿ, ಕೊಪ್ಪದಲ್ಲಿ ಬಸ್ಸು ಬದಲಿಸಿ ಎನ್.ಆರ್. ಪುರಕ್ಕೆ ಬರಬೇಕು. ಅವರೂ ಅತ್ತಿಗೆಯೂ ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತಾರೆ. ಇಳಿದವಳೇ ನಿಂತಲ್ಲಿ ಒಂದು ಪದಕ್ಕೆ ಅರ್ಥ ಹೇಳಬೇಕು. ಹೇಳಿದರೆ ಟಿಕೆಟ್ಟು ನನಗೆ, ಇಲ್ಲದಿದ್ದರೆ ಲಾಯರಮ್ಮನಿಗೆ. ಕೈತಪ್ಪುವುದು ಒಂದು ಪ್ರಯಾಣ ಮಾತ್ರವಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಈ ಸಲವೂ ನನ್ನನ್ನು ಬಿಟ್ಟು ಹೋದರೆ ಇನ್ನು ಮುಂದೆ ಮನೆಯ ದೂತ, ಹೊರಗಿನ ದೂತ ಎಂದು ಕಾಯಂ ಆಗಿ ಎರಡಾಗುತ್ತದೆ ಎಂದು ನನಗೆ ಗೊತ್ತಿತ್ತು. ಆ ಎರಡರಲ್ಲಿ ಯಾವುದಕ್ಕೆ ಬೆಲೆ ಎಂದು ಹೇಳಬೇಕಾಗಿಲ್ಲ.

ನಮ್ಮ ಕಡೆ ಬಸ್ಸಿಗೆ ಹೊರಡುವ ಹೆಂಗಸರಿಗೆ ಒಂದು ಕ್ರಮವಿದೆ. ಬೆಳಿಗ್ಗೆ ಏನೂ ತಿನ್ನಬಾರದು, ಕಾಫಿಯೂ ಬೇಡ. ಕೈಯಲ್ಲಿ ನಿಂಬೆಹಣ್ಣು ಇರಬೇಕು. ಹತ್ತಿದ ಕೂಡಲೇ ಕಣ್ಣು ಮುಚ್ಚಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಇಳಿಯುವ ಊರು ಬರುವ ತನಕ ಉಸಿರು ಹಿಡಿದು ಕೂರಬೇಕು. ನನ್ನ ಅಮ್ಮ ಹಾಗೆ ಮಾಡುತ್ತಿದ್ದಳು, ಅತ್ತೆ ಹಾಗೆ ಮಾಡುತ್ತಿದ್ದರು. ಅವರಿಬ್ಬರೂ ವಾಂತಿ ಮಾಡುತ್ತಲೇ ಇದ್ದರು ಎನ್ನುವುದು ನನಗೆ ಆಗ ಹೊಳೆಯಲೇ ಇಲ್ಲ. ಅಭ್ಯಾಸಕ್ಕೆಂದು ಮೊದಲ ದಿನ ಅದೇ ಕ್ರಮದಲ್ಲಿ ಶುದ್ಧವಾಗಿ ಹೊರಟೆ. ಹರಿಹರಪುರ ಮುಟ್ಟುವ ಮೊದಲೇ ಹೊಟ್ಟೆಯಲ್ಲಿ ಇಲ್ಲದ್ದೂ ಹೊರಗೆ ಬಂತು. ಅಲ್ಲೇ ಇಳಿದು ಇನ್ನೊಂದು ಬಸ್ಸಿನಲ್ಲಿ ಹಿಂದೆ ಬರುವಾಗ ಮತ್ತೊಮ್ಮೆ ಬಂತು.

ಶೃಂಗೇರಿಯ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ನನ್ನ ಕ್ರಮವನ್ನೆಲ್ಲ ಪೂರ್ತಿ ಕೇಳಿ, ಬರಿ ಹೊಟ್ಟೆಯಲ್ಲಿ ಹೊರಡು ಎಂದು ಹೇಳಿದ್ದು ಯಾರು ಎಂದರು. ನಮ್ಮಮ್ಮ ಎಂದೆ. ಸ್ವಲ್ಪ ತಿಂದು ಹೊರಡಬೇಕು, ಕಣ್ಣು ಮುಚ್ಚಬಾರದು, ದೂರದ ರಸ್ತೆಯನ್ನು ನೋಡಬೇಕು ಎಂದರು. ಮಾತ್ರೆ ಇದೆ, ಆದರೆ ತೂಕಡಿಕೆ ಬರುತ್ತದೆ, ಬಾಯಿ ಒಣಗುತ್ತದೆ ಎಂದೂ ಹೇಳಿದರು. ತೂಕಡಿಸುವ ತಲೆ, ಒಣಗಿದ ಬಾಯಿ ಇಟ್ಟುಕೊಂಡು ಅರ್ಥ ಹೇಳುವುದಕ್ಕಿಂತ ವಾಂತಿಯೇ ವಾಸಿ. ಬೇಡ ಎಂದೆ. ವಿಮಾನದಲ್ಲಿ ಕಾಲು ಬಾತುಕೊಳ್ಳದ ಹಾಗೆ ಮೊಣಕಾಲಿನ ತನಕ ಬರುವ ಬಿಗಿ ಸಾಕ್ಸ್ ಹಾಕಿಕೊಳ್ಳಿ, ಆಗಾಗ ಎದ್ದು ಓಡಾಡಿ, ನೀರು ಕುಡಿಯುತ್ತಿರಿ ಎಂದೂ ಸೇರಿಸಿದರು.

ಸಾಕ್ಸಿನ ಮಾತಿಗೆ ನನಗೆ ನಗು ಬಂತು. ಕೂರುವುದನ್ನು ನನಗೆ ಹೇಳಿಕೊಡುವುದೇ? ತಾಳಮದ್ದಲೆಯವರಿಗೆ ಕೂರುವುದೇ ಕಸುಬು. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಪ್ರಸಂಗ ಮುಗಿಯುವ ತನಕ ಏಳದವರು ನಾವು. ಆದರೂ ನೋಡೋಣವೆಂದು ಒಂದು ಮಧ್ಯಾಹ್ನ ಊಟದ ಮೇಜಿನ ಕುರ್ಚಿಯನ್ನು ಜಗಲಿಗೆ ತಂದು, ಅದರ ಮುಂದೆ ಮೊಣಕಾಲು ತಾಗುವ ಹಾಗೆ ಇನ್ನೊಂದು ಕುರ್ಚಿ ಇಟ್ಟು, ಕಾಲು ಇಳಿಬಿಟ್ಟು ಕೂತೆ. ಮನೆಯವರಿಗೆ ಇದಕ್ಕಿಂತ ದೊಡ್ಡ ಮನರಂಜನೆ ಬೇಕಿರಲಿಲ್ಲ. ಹೆಗಲಿನ ಮೇಲೆ ಟವೆಲು ಹಾಕಿಕೊಂಡು, ತಟ್ಟೆಯಲ್ಲಿ ಕಾಫಿ ಹಿಡಿದು ಬಂದು, "ಮೇಡಂ, ಕಾಫಿ ಬೇಕಾ, ಕಷಾಯ ಬೇಕಾ? ವಿಮಾನ ಈಗ ಬಾವಿಕಟ್ಟೆ ಮೇಲೆ ಹಾರ್ತಾ ಇದೆ" ಎಂದರು.

ಸಂಜೆ ಏಳಲು ಹೋದಾಗ ಪಾದ ನನ್ನದೆನಿಸಲಿಲ್ಲ. ಕಾಲುಂಗುರ ಬಾತ ಬೆರಳಿನಲ್ಲಿ ಹುಗಿದುಹೋಗಿತ್ತು. ಮಡಚಿ ಕೂತ ಕಾಲು ಬೇರೆ, ಇಳಿಬಿಟ್ಟ ಕಾಲು ಬೇರೆ ಎಂದು ಅಂದು ತಿಳಿಯಿತು. ಮರುದಿನವೇ ಸಾಕ್ಸ್ ತಂದೆ. ಕಾಲು ನೇತಾಡದ ಹಾಗೆ ಪಾದದಡಿ ಇಡಲು ಒಂದು ಚಿಕ್ಕ ಚೀಲವನ್ನು ಗೊತ್ತು ಮಾಡಿಕೊಂಡೆ. ಹಳೆಯ ದಿಂಬಿನಿಂದ ಬೂರುಗದ ಹತ್ತಿ ತೆಗೆದು ಕುತ್ತಿಗೆಗೆ ಸುತ್ತಿಕೊಳ್ಳುವಂಥ ದಿಂಬು ಹೊಲಿದೆ. ಕುರ್ಚಿಯ ಅಭ್ಯಾಸವನ್ನೂ ಬಿಡಲಿಲ್ಲ. ಹಿಮ್ಮಡಿ ಎತ್ತುವುದು, ಇಳಿಸುವುದು, ಪಾದ ತಿರುಗಿಸುವುದು, ಎದ್ದು ಬಾವಿಕಟ್ಟೆಯ ತನಕ ಹೋಗಿಬರುವುದು. ಕೆಲವೇ ದಿನಗಳಲ್ಲಿ ಕಾಲು ಮಾತು ಕೇಳಿತು. ಹೊಟ್ಟೆ ಮಾತ್ರ ಕೇಳಲಿಲ್ಲ. ಎರಡು ಇಡ್ಲಿ ತಿಂದು, ಬಾಯಲ್ಲಿ ಮುರುಗಲು ಹಣ್ಣಿನ ಹುಳಿಯಾದ ಒಣ ಸಿಪ್ಪೆ ಇಟ್ಟುಕೊಂಡು, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ರಸ್ತೆಯನ್ನು ನೋಡುತ್ತಾ ಹೋದರೆ ಕೊಪ್ಪದ ತನಕ ಹೇಗೋ ತಡೆದುಕೊಳ್ಳುತ್ತಿತ್ತು. ಅಲ್ಲಿಂದ ಮುಂದಕ್ಕೆ ಖಾತ್ರಿಯಿಲ್ಲ.

ಪರೀಕ್ಷೆಯ ದಿನ ಕೊಪ್ಪದಲ್ಲಿ ಇಳಿದಾಗಲೇ ನನ್ನ ಮುಖ ಬಿಳಿಚಿತ್ತು. ಎನ್.ಆರ್. ಪುರದ ಬಸ್ಸು ನಿಂತಿತ್ತು. ಹತ್ತಿ ಕೂತು, ದೇವರೇ ಇದೊಂದು ದಾರಿ ಎಂದುಕೊಳ್ಳುವಾಗ ಪಕ್ಕದಲ್ಲಿ ಬಂದು ಕೂತವಳು ಯಾರು? ಲಾಯರಮ್ಮ. ಎನ್.ಆರ್. ಪುರದ ಕೋರ್ಟಿಗೆ ಹೊರಟಿದ್ದಳು, ತೊಡೆಯ ಮೇಲೆ ಕಪ್ಪು ಕೋಟು.

"ಅಕ್ಕ, ಇವತ್ತೇ ಅಲ್ವಾ ನಿಮ್ಮ ಪರೀಕ್ಷೆ?" ಎಂದಳು.

"ಹೌದು. ನಾನು ಫೇಲಾದ್ರೆ ನೀನು ಪಾಸು" ಎಂದೆ. ಹೊಟ್ಟೆ ತೊಳೆಸುವಾಗ ನನ್ನ ಮಾತು ಹುಳಿಯಾಗುತ್ತದೆ.

ಅವಳು ಬೇಸರಿಸಲಿಲ್ಲ. ಬಸ್ಸು ಹೊರಟ ಮೇಲೆ, "ಒಂದು ಕೇಳ್ಬೇಕು ಅಂತ ಬಹಳ ದಿನದಿಂದ ಇತ್ತು. ರಾಜ ಅವಮಾನ ಮಾಡ್ದಾಗ ನಿಮ್ಮ ದೂತಂಗೆ ಅಷ್ಟು ಸಿಟ್ಟು ಯಾಕೆ? ದೂತ ಅಂದ್ರೆ ನಮ್ಮ ಹಾಗೆ, ವಕೀಲ. ಕಕ್ಷಿಗಾರ ಹೇಳಿದ್ದನ್ನ ಹೇಳಬೇಕು. ಅವನ ಸ್ವಂತ ಸಿಟ್ಟಿಗೆ ಅಲ್ಲಿ ಜಾಗ ಇಲ್ಲ" ಎಂದಳು.

ನಾನು ಅವಳ ಕಡೆಗೆ ತಿರುಗಿದೆ. "ಹಂಗಾದ್ರೆ ದೂತನ್ನ ಯಾಕೆ ಕಳಿಸದು? ಪೋಸ್ಟಿಗೆ ಹಾಕಿದ್ರೆ ಆಗಲ್ವಾ?"

"ಸಿಟ್ಟು ಬಂದ ವಕೀಲ ಕೇಸು ಸೋಲ್ತಾನೆ ಅಕ್ಕ."

"ಸಿಟ್ಟೇ ಬಾರದವನು ಕಕ್ಷಿಗಾರನನ್ನೇ ಮಾರ್ತಾನೆ."

ಅಲ್ಲಿಗೆ ಹೊತ್ತಿಕೊಂಡಿತು. ಅವಳು ಕಾನೂನಿನಿಂದ ಬಂದಳು, ನಾನು ಧರ್ಮದಿಂದ ಬಂದೆ. ದೂತನಿಗೆ ಪ್ರಾಣಭಯ ಇಲ್ಲದಿರುವಾಗ ಅವನ ಧೈರ್ಯಕ್ಕೇನು ಬೆಲೆ ಎಂದಳು. ಪ್ರಾಣಕ್ಕಿಂತ ಮಾನ ದೊಡ್ಡದೆಂದು ತಿಳಿಯದವನನ್ನು ದೂತನಾಗಿ ಕಳಿಸಿದವನೇ ಮೂರ್ಖ ಎಂದೆ. ಮುಂದಿನ ಸೀಟಿನವರು ತಿರುಗಿ ಕೂತರು. ಕಂಡಕ್ಟರು ಟಿಕೆಟು ಹರಿಯುವುದನ್ನು ಬಿಟ್ಟು ಕಂಬಿ ಹಿಡಿದು ನಿಂತಿದ್ದ. ತಿರುವುಗಳು ಬಂದವೋ ಹೋದವೋ ನನಗೆ ತಿಳಿಯದು. ಬಸ್ಸು ನಿಂತು ಎಲ್ಲರೂ ಇಳಿಯುತ್ತಿದ್ದಾಗಲೂ ನಾನು ಅವಳ ಕೈಯಲ್ಲಿದ್ದ ಕೋಟಿನ ತೋಳು ಹಿಡಿದು ಮಾತಾಡುತ್ತಲೇ ಇಳಿದೆ.

ಟೀಚರು ಸೋಡಾ ಬಾಟಲಿ ಹಿಡಿದು ನಿಂತಿದ್ದರು, ಅತ್ತಿಗೆಯ ಕೈಯಲ್ಲಿ ಪ್ಲಾಸ್ಟಿಕ್ ಕವರು. ಟೀಚರು ಪದ ಎತ್ತಲು ಬಾಯಿ ತೆರೆದರು.

"ಒಂದ್ನಿಮಿಷ ಇರಿ ಟೀಚರೇ, ಇವಳಿಗೆ ಒಂದು ಮಾತು ಹೇಳಿ ಮುಗಿಸ್ತೀನಿ" ಎಂದೆ.

ಲಾಯರಮ್ಮ ನನ್ನನ್ನೇ ನೋಡುತ್ತಿದ್ದಳು. "ಅಕ್ಕ, ನಿಮಗೆ ವಾಂತಿ ಬರ್ಲಿಲ್ಲ" ಎಂದಳು.

ನಾನು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಸುಮ್ಮನಿತ್ತು. ನನಗೆ ಹಸಿವಾಗುತ್ತಿತ್ತು.

"ವಾದಕ್ಕೆ ಬಿದ್ರೆ ಇವ್ರಿಗೆ ಏನೂ ಆಗಲ್ಲ ಟೀಚರೇ" ಎಂದು ಅವಳು ಟೀಚರ ಕಡೆಗೆ ತಿರುಗಿದಳು. "ನನಗೂ ಹೋಗೋಕೆ ಆಸೆ ಇತ್ತು, ಸುಳ್ಳು ಹೇಳಲ್ಲ. ಆದ್ರೆ ಇವ್ರು ಈ ಸ್ಥಿತಿಲಿ ಇಳಿದ್ರೆ ನಾನು ಯಾಕೆ ಬೇಕು?" ಹಾಗೆಂದು ಕೋಟು ಹಾಕಿಕೊಂಡು ಕೋರ್ಟಿನ ಕಡೆಗೆ ನಡೆದಳು. ಅಷ್ಟು ವರ್ಷ ಅವಳ ಮೇಲಿದ್ದ ಹೊಟ್ಟೆಯುರಿ ಅದೇ ಬಸ್‌ಸ್ಟ್ಯಾಂಡಿನಲ್ಲಿ ಆರಿತು. ಅಂಥ ಹುಡುಗಿಯ ಜೊತೆ ಪೈಪೋಟಿಯಲ್ಲಿದ್ದೆ ಎನ್ನುವುದೂ ಒಂದು ಹೆಮ್ಮೆಯೇ. ಟೀಚರ ಪದಕ್ಕೆ ಅಲ್ಲೇ ಅರ್ಥ ಹೇಳಿದೆ. ಅಡಿಕೆ ಗೊನೆ ಇಳಿಸುವ ಕೆಲಸಕ್ಕೆ ಹೊರಟಿದ್ದ ಗಂಡಸರು ನಾಲ್ಕೈದು ಮಂದಿ ಬಸ್ಸು ತಪ್ಪಿಸಿಕೊಂಡು ಕೇಳಿದರು. ಆಮೇಲೆ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆ. ಬಸ್ಸಿಳಿದ ಮೇಲೆ ಮಸಾಲೆದೋಸೆ ತಿಂದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಉಪಾಯ ಸಿಕ್ಕಿದ ಮೇಲೆ ಹೊರಡುವ ತಯಾರಿಯೇ ಬೇರೆಯಾಯಿತು. ವಿಮಾನದಲ್ಲಿ ಅತ್ತಿಗೆಯ ಪಕ್ಕವೇ ನನ್ನ ಸೀಟು ಇರಬೇಕೆಂದು ಹೇಳಿದೆ. ರೆಕ್ಕೆಯ ಹತ್ತಿರ ಕುಲುಕಾಟ ಕಡಿಮೆ, ಏಳಲು ಅನುಕೂಲವಾಗಲು ಓಡಾಡುವ ದಾರಿಯ ಬದಿಯ ಸೀಟು ಒಳ್ಳೆಯದು ಎಂದು ಮನೆಯವರು ಎಲ್ಲೋ ಓದಿ ಹೇಳಿದ್ದರು. ಹಾಗೆಯೇ ಹಿಡಿಸಿದೆ. ಸೀರೆ ಬಿಟ್ಟು ಸಡಿಲವಾದ ಹತ್ತಿಯ ಚೂಡಿದಾರ, ಮೇಲೊಂದು ಶಾಲು. ಆ ದೇಶದೊಳಕ್ಕೆ ತಿಂಡಿ ಒಯ್ದರೆ ತಕರಾರು ಎಂದು ಗೊತ್ತಿದ್ದರಿಂದ ಮುರುಗಲು ಸಿಪ್ಪೆ, ಶುಂಠಿ, ಒಗ್ಗರಣೆ ಅವಲಕ್ಕಿಯನ್ನು ದಾರಿಯಲ್ಲೇ ಮುಗಿಯುವಷ್ಟು ಮಾತ್ರ ಕಟ್ಟಿಕೊಂಡೆ. ಅತ್ತಿಗೆ ಮಾತ್ರ ರೇಷ್ಮೆ ಸೀರೆ ಉಟ್ಟು, ಕೈಚೀಲದಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ ಇಟ್ಟುಕೊಂಡು ರಾಜನ ಠೀವಿಯಲ್ಲೇ ಹೊರಟರು. ಭರಣಿ ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಉಳಿಯಿತು. ಸಾಕ್ಸ್ ಕೊಡಲು ಹೋದರೆ, "ಎಂತ ಕೂಸೇ, ನಂಗೆಂತಕ್ಕೆ ಅದು? ಕೂತು ಕೂತು ಕಾಲು ಪಳಗಿದ್ದು" ಎಂದರು. ನಾನೂ ಹಾಗೆಯೇ ಅಂದುಕೊಂಡಿದ್ದವಳಾದ್ದರಿಂದ ಒತ್ತಾಯಿಸಲಿಲ್ಲ.

ಕೊಪ್ಪದಿಂದ ಬೆಂಗಳೂರಿನ ತನಕ ಜೀಪಿನಲ್ಲಿ ಅತ್ತಿಗೆಯ ಜೊತೆ ವಾದ ಮಾಡುತ್ತಲೇ ಬಂದಿದ್ದೆ. ಒಂದು ಕವರೂ ಬಳಕೆಯಾಗಿರಲಿಲ್ಲ. ವಿಮಾನ ಮೇಲೇರುವಾಗಲೂ ಶುಂಠಿ ಜಗಿಯುತ್ತಾ ರಾಜನೀತಿ ಮಾತಾಡಿದೆವು, ಕಿವಿಯೂ ಕಟ್ಟಲಿಲ್ಲ. ಊಟ ಬಂತು, ಅರ್ಧ ತಿಂದು ಇಟ್ಟೆ. ಆಮೇಲೆ ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಸಂಗತಿಯೊಂದು ನಡೆಯಿತು. ಅತ್ತಿಗೆ ನಿದ್ದೆಹೋದರು.

ನಮ್ಮ ಅತ್ತಿಗೆಯ ನಿದ್ದೆಯನ್ನು ಕಂಡವರಿಗೆ ಗೊತ್ತು. ಕೂತಲ್ಲಿ ಕಣ್ಣು ಮುಚ್ಚಿದರೆ ಬಾಯಿ ತೆರೆಯುತ್ತದೆ, ಮತ್ತೆ ಬೆಳಗಾಗಬೇಕು. ದೀಪಗಳನ್ನು ಆರಿಸಿದರು. ಸುಮಾರು ಹೊತ್ತು ನನಗೂ ಜೊಂಪು ಹತ್ತಿತ್ತು. ಎಲ್ಲೋ ಕಡಲಿನ ಮೇಲೆ ವಿಮಾನ ನಡುಗತೊಡಗಿತು. ಬೆಲ್ಟು ಕಟ್ಟಿಕೊಳ್ಳುವ ದೀಪ ಹೊತ್ತಿತು. ಒಮ್ಮೆ ಕೆಳಗೆ ಜಾರಿದ ಹಾಗಾಯಿತು, ಮತ್ತೊಮ್ಮೆ ಪಕ್ಕಕ್ಕೆ ಎಳೆದ ಹಾಗಾಯಿತು, ಹೊಟ್ಟೆ ಗಂಟಲಿಗೆ ಬಂತು. ದೂರದ ರಸ್ತೆಯನ್ನು ನೋಡಬೇಕೆಂದರೆ ಅಲ್ಲಿ ರಸ್ತೆಯೆಲ್ಲಿದೆ? ಮುಂದಿನ ಸೀಟಿನ ಜೇಬಿನಲ್ಲಿ ಕಾಗದದ ಚೀಲ ಇಟ್ಟಿದ್ದರು. ಅಷ್ಟು ದೊಡ್ಡ ಕಂಪನಿಯವರಿಗೂ ನಾನು ಬರುವುದು ಗೊತ್ತಿದ್ದಿರಬೇಕು.

"ಅತ್ತಿಗೆ, ಅತ್ತಿಗೆ, ಏಳಿ. ವಾದ ಮಾಡ್ಬೇಕು."

"ನಾಳೆ ಮಾಡಿದ್ರಾಯ್ತು" ಎಂದು ಅವರು ಆಚೆ ಹೊರಳಿದರು. ಟೀಚರೂ ತಂಗಿಯೂ ಎಷ್ಟೋ ಸಾಲು ಹಿಂದಿದ್ದರು, ಬೆಲ್ಟು ಬಿಚ್ಚುವ ಹಾಗಿರಲಿಲ್ಲ. ಆಗ ನನಗೆ ಹೆದರಿಕೆಯಾಯಿತು. ವಾಂತಿಗಲ್ಲ. ನಾಳೆ ಸಂಜೆ ಆ ಸಭೆಯಲ್ಲಿ ಒದ್ದೆ ಮುದ್ದೆಯಾಗಿ ಕೂತಿರುವ ನನ್ನನ್ನು ಟೀಚರು ಏನೂ ಬೈಯದೆ ಸುಮ್ಮನೆ ನೋಡುವ ನೋಟಕ್ಕೆ. ಲಾಯರಮ್ಮ ಬಿಟ್ಟುಕೊಟ್ಟ ಸೀಟು ಇದು ಎಂಬುದಕ್ಕೆ.

ಎದುರಾಳಿ ಇಲ್ಲದಿದ್ದರೆ ನಾನೇ ಎದುರಾಳಿಯಾಗಬೇಕು. ಶಾಲನ್ನು ಬಿಗಿಯಾಗಿ ಹೊದ್ದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಅತ್ತಿಗೆಯ ರಾಜನ ಮಾತನ್ನು ಪಿಸುದನಿಯಲ್ಲಿ ನಾನೇ ಎತ್ತಿದೆ. ಅವರ ಬತ್ತಳಿಕೆಯಲ್ಲಿ ಒಂದು ಪ್ರಶ್ನೆಯಿದೆ. ನೀನು ಸಂಧಾನಕ್ಕೆ ಬಂದವನಾದರೆ ನಿನ್ನ ಬೆನ್ನ ಹಿಂದೆ ಸೈನ್ಯ ಏಕೆ ಕೂಡುತ್ತಿದೆ ಎಂದು ಕೇಳುತ್ತಾರೆ. ವರ್ಷಗಳಿಂದ ಅದಕ್ಕೆ ನಾನು ಅಲ್ಲಿ ಇಲ್ಲಿ ಸುತ್ತುಹಾಕಿ ತಪ್ಪಿಸಿಕೊಳ್ಳುತ್ತಿದ್ದೆ, ಉತ್ತರವೆಂಬುದು ಇರಲಿಲ್ಲ. ಈಗ ಆ ಪ್ರಶ್ನೆಯನ್ನು ನಾನೇ ಸಿಂಹಾಸನದಲ್ಲಿ ಕೂತು ಕೇಳಿದೆ. ಈ ರಾಜ ಸಿಟ್ಟಿನಿಂದ ಕೇಳುತ್ತಿಲ್ಲ, ಹೆದರಿ ಕೇಳುತ್ತಿದ್ದಾನೆ. ಇಷ್ಟು ವರ್ಷ ಎದುರಿನಲ್ಲಿ ಕೂತವಳಿಗೆ ಕಾಣದ್ದು ಅವನ ಜಾಗದಲ್ಲಿ ಕೂತ ಕೂಡಲೇ ಕಂಡಿತು. ಮರುಕ್ಷಣ ದೂತನಾಗಿ ಉತ್ತರ ಕೊಟ್ಟೆ: "ಅರಸರೇ, ಸೈನ್ಯವಿಲ್ಲದವನ ಮಾತನ್ನು ತಾವು ಎಂದಾದರೂ ಕೇಳಿದ್ದುಂಟೆ? ಕೇಳಿದ್ದರೆ ಒಬ್ಬ ದೂತ ಸಾಕಿತ್ತು. ಆ ಸೈನ್ಯ ತಮ್ಮನ್ನು ಕೊಲ್ಲಲು ಕೂಡಿದ್ದಲ್ಲ, ತಮ್ಮ ಕಿವಿ ತೆರೆಸಲು ಕೂಡಿದ್ದು."

ರೋಮಾಂಚನವಾಯಿತು. ಮತ್ತೆ ರಾಜನ ಕಡೆಯಿಂದ ಎದ್ದೆ, ಮತ್ತೆ ದೂತನ ಕಡೆಯಿಂದ ಹೊಡೆದೆ. ಗಗನಸಖಿಯೊಬ್ಬಳು ಕಂಬಿ ಹಿಡಿದುಕೊಂಡು ಬಂದು, ನನ್ನ ತುಟಿ ಅಲುಗುವುದನ್ನು ನೋಡಿ, ಪ್ರಾರ್ಥನೆ ಎಂದುಕೊಂಡಳೋ ಏನೋ, ಹೆಗಲು ತಟ್ಟಿ ಹೆದರಬೇಡಿ ಎನ್ನುವ ಹಾಗೆ ನಕ್ಕಳು. ನಾನು ಕೈಸನ್ನೆಯಲ್ಲಿ ನೀರು ಕೇಳಿದೆ. ಗಂಟಲು ಒಣಗಿದ್ದು ಹೆದರಿ ಅಲ್ಲ, ರಾಜನನ್ನು ಬೈದು ಬೈದು. ವಿಮಾನ ಯಾವಾಗ ನೆಟ್ಟಗಾಯಿತೋ ನೋಡಲಿಲ್ಲ. ಕಾಗದದ ಚೀಲ ಇಟ್ಟ ಜಾಗದಲ್ಲೇ ಇತ್ತು. ಬೆಲ್ಟಿನ ದೀಪ ಆರಿದ ಮೇಲೆ ಎದ್ದು ಆ ತುದಿಯಿಂದ ಈ ತುದಿಗೆ ಓಡಾಡಿದೆ. ಮಲಗಿದ ಜನರ ನಡುವೆ ಸಾಕ್ಸ್ ಹಾಕಿಕೊಂಡು ನಡೆಯುವಾಗ ವಿಮಾನವೆಲ್ಲ ನನ್ನದೇ ಅನಿಸಿತು.

ಬೆಳಿಗ್ಗೆ ಟೀಚರ ಸ್ವರ ಕಟ್ಟಿತ್ತು, ಅವರು ನೀರೇ ಕುಡಿದಿರಲಿಲ್ಲ. ಅತ್ತಿಗೆ ಎದ್ದು ನೋಡಿದರೆ ಪಾದ ಚಪ್ಪಲಿಯೊಳಗೆ ಹೋಗಲೊಲ್ಲದು. ನಾನು ನನ್ನ ಪಾಲಿನ ತಿಂಡಿ ಮುಗಿಸಿ ಅತ್ತಿಗೆಯ ಬನ್ನನ್ನೂ ತಿಂದು, ಬಿಸಿನೀರು ಕೇಳಿ ಟೀಚರಿಗೆ ಕುಡಿಸಿ, ಅತ್ತಿಗೆಯನ್ನು ಕೈಹಿಡಿದು ದಾರಿಯಲ್ಲಿ ನಡೆಸಿದೆ. ಟೀಚರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ನೀನು ಎಂತ ತಿಂದ್ಕಂಡು ಬಂದಿಯೇ?" ಎಂದು ಕೇಳಿದರು. ರಾಜನನ್ನು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಸಂಜೆ ಸಭಾಂಗಣ ತುಂಬಿತ್ತು. ಸೈನ್ಯದ ಪ್ರಶ್ನೆಯನ್ನು ಅತ್ತಿಗೆ ಎಂದಿನ ಧಾಟಿಯಲ್ಲಿ, ನಾನು ಎಂದಿನಂತೆ ತಪ್ಪಿಸಿಕೊಳ್ಳುತ್ತೇನೆಂಬ ನಂಬಿಕೆಯಲ್ಲಿ ಎಸೆದರು. ನನ್ನ ಉತ್ತರ ಮುಗಿದ ಮೇಲೆ ಅವರು ಸಾವಕಾಶವಾಗಿ ಲೋಟ ಎತ್ತಿ ನೀರು ಕುಡಿದರು. ಕುಡಿದು ಮುಗಿಯುವ ತನಕ ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಮೊಬೈಲಿನಲ್ಲಿ ನೋಡುತ್ತಿದ್ದ ಲಾಯರಮ್ಮ ಕೂಟ ಮುಗಿಯುವಷ್ಟರಲ್ಲಿ ಮೆಸೇಜು ಕಳಿಸಿದ್ದಳು. ಆ ಉತ್ತರ ನಂಗೆ ಬೇಕು ಅಕ್ಕ, ಎನ್.ಆರ್. ಪುರದಲ್ಲಿ ಒಂದು ಕೇಸಿದೆ ಎಂದು ಬರೆದಿದ್ದಳು.

ಆದರೆ ನನ್ನ ಮಟ್ಟಿಗೆ ಆ ಕೂಟ ಗೆದ್ದದ್ದು ಚಪ್ಪಾಳೆಯ ಹೊತ್ತಿಗಲ್ಲ, ಮೊದಲ ಮಾತಿಗೇ. ಟೀಚರು ಪದ ಮುಗಿಸಿ ತಾಳ ನಿಲ್ಲಿಸಿದ್ದರು. ಬಾತ ಕಾಲನ್ನು ಹೇಗೋ ಮಡಚಿ ಕೂತಿದ್ದ ಅತ್ತಿಗೆ ದೂತನನ್ನು ಸಭೆಗೆ ಬರಮಾಡಿಕೊಂಡು, ರಾಜನಾದವನು ಕೇಳಲೇಬೇಕಾದ ಉಪಚಾರದ ಮಾತನ್ನು ಕೇಳಿದರು.

"ಎಲೈ ದೂತನೇ, ದೂರದ ದಾರಿ. ಪ್ರಯಾಣದಲ್ಲಿ ಆಯಾಸವಾಗಲಿಲ್ಲವಷ್ಟೆ?"

ಟೀಚರ ತಂಗಿ ನಗು ತಡೆಯಲಾಗದೆ ಮದ್ದಲೆಯ ಮೇಲೆ ಬಗ್ಗಿದಳು. ನಾನು ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡೆ. ಇಷ್ಟು ವರ್ಷ ಎಷ್ಟೋ ಸಭೆಗಳಲ್ಲಿ ಇಲ್ಲವೆಂದು ಸುಳ್ಳು ಹೇಳಿದ್ದೆ.

"ಇಲ್ಲ ಅರಸರೇ" ಎಂದೆ. "ಕಡಲ ಮೇಲೆ ಹಾರಿ, ಸುಖವಾಗಿ ಬಂದೆ. ದಾರಿಯಲ್ಲಿ ತಾವು ನಿದ್ರಿಸುತ್ತಿದ್ದಿರಿ, ಆದ್ದರಿಂದ ತಮ್ಮ ಪಕ್ಷದ ವಾದವನ್ನೂ ನಾನೇ ಮಾಡಿ, ಸೋಲಿಸಿಯೂ ಬಂದಿದ್ದೇನೆ. ಇನ್ನು ತಾವು ಮಾತು ಆರಂಭಿಸಬಹುದು."